ಒತ್ತಿದ ಸೌದೆಯ ವ್ಯಾಪಾರ: ಜಪಾನ್ ಮತ್ತು ದಕ್ಷಿಣ ಕೊರಿಯ

ಕಾಫಿ ಹೊಟ್ಟು, ಅಡಿಕೆ ಸಿಪ್ಪೆ, ಮರಗಸಿ ಮಾಡಿದ ರೆಂಬೆ ಇವನ್ನೆಲ್ಲ ಯಂತ್ರದಲ್ಲಿ ಪುಡಿಮಾಡಿ, ಒತ್ತಿ, ಇಂಧನವಾಗಿ ಮಾರಬಹುದೆಂದೂ, ಹೊರದೇಶಗಳಲ್ಲಿ ಇದಕ್ಕೆ ಮುಗಿಯದ ಬೇಡಿಕೆ ಇದೆಯೆಂದೂ ಹೇಳಿಕೊಂಡು ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ನಮ್ಮ ಸಂಘದ ಕಚೇರಿಗೂ ಅಂಥವರು ಬಂದು ಹೋಗಿದ್ದಾರೆ. ಸದಸ್ಯರಲ್ಲಿ ಹಲವರು, ಅದರಲ್ಲೂ ನಾಲ್ಕೈದು ಎಕರೆಯ ಸಣ್ಣ ಹಿಡುವಳಿದಾರರು, ಈ ಬಗ್ಗೆ ವಿಚಾರಿಸುತ್ತಿದ್ದಾರೆ. ಸಂಘ ಇದರಲ್ಲಿ ಹಣ ತೊಡಗಿಸಬೇಕೋ ಬೇಡವೋ ಎಂಬುದು ಆಡಳಿತ ಮಂಡಳಿ ತೀರ್ಮಾನಿಸಬೇಕಾದ ವಿಷಯ. ಅದಕ್ಕೆ ಮೊದಲು ಈ ವ್ಯಾಪಾರ ಎಲ್ಲಿ ಹುಟ್ಟಿತು, ಯಾರು ಕೊಳ್ಳುತ್ತಾರೆ, ಏಕೆ ಕೊಳ್ಳುತ್ತಾರೆ ಎಂಬುದನ್ನು ಸದಸ್ಯರ ಮುಂದಿಡುವುದು ಒಳ್ಳೆಯದೆಂದು ನಮಗೆ ತೋರಿತು. ಏಷ್ಯದ ಎರಡು ದೊಡ್ಡ ಗಿರಾಕಿಗಳಾದ ಜಪಾನ್ ಮತ್ತು ದಕ್ಷಿಣ ಕೊರಿಯಗಳ ಆಮದಿನ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ವ್ಯಾಪಾರದ ಗುಣ ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲು ವಸ್ತುವಿನ ಬಗ್ಗೆ ಎರಡು ಮಾತು. ಇದಕ್ಕೆ ಪೆಲೆಟ್ ಎನ್ನುತ್ತಾರೆ. ಹಸುವಿಗೆ ಹಾಕುವ ಗುಳಿಗೆ ಹಿಂಡಿಯನ್ನು ನೋಡದವರು ನಮ್ಮಲ್ಲಿಲ್ಲ. ಹೆಚ್ಚುಕಡಿಮೆ ಅದೇ ಆಕಾರ. 6 ಅಥವಾ 8 ಮಿಲಿಮೀಟರ್ ದಪ್ಪದ, ಬೆರಳ ಗೆಣ್ಣಿನಷ್ಟು ಉದ್ದದ ತುಂಡು. ಗರಗಸದ ಹುಡಿಯನ್ನೋ ಚೆಕ್ಕೆ ಪುಡಿಯನ್ನೋ ಚೆನ್ನಾಗಿ ಒಣಗಿಸಿ, ತೂತುಗಳುಳ್ಳ ಉಕ್ಕಿನ ಅಚ್ಚಿನ ಮೂಲಕ ಭಾರೀ ಒತ್ತಡದಲ್ಲಿ ಹಾಯಿಸುತ್ತಾರೆ. ಆ ಒತ್ತಡದ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಎಂಬ ಅಂಟುವಸ್ತು ಮೆತ್ತಗಾಗಿ, ಹೊರಬಂದು ತಣ್ಣಗಾದೊಡನೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೇರೆ ಅಂಟು ಬೇಕಾಗುವುದಿಲ್ಲ. ಹಸಿ ಮರದಲ್ಲಿ ಅರ್ಧ ತೂಕ ನೀರೇ ಇರುತ್ತದೆ. ಪೆಲೆಟ್ಟಿನಲ್ಲಿ ತೇವಾಂಶ ನೂರಕ್ಕೆ 10ರ ಒಳಗಿರಬೇಕು. ಒಂದು ಘನ ಮೀಟರ್ ಜಾಗದಲ್ಲಿ 600ರಿಂದ 700 ಕಿಲೋ ಹಿಡಿಸುತ್ತದೆ. ಆದ್ದರಿಂದಲೇ ಸೌದೆಯನ್ನು ಹಡಗಿನಲ್ಲಿ ಸಾವಿರಾರು ಮೈಲಿ ಸಾಗಿಸುವುದು ಕಟ್ಟುಬೀಳುವ ಕೆಲಸವಾಯಿತು. ಸೌದೆಯನ್ನು ಸೌದೆಯಾಗಿಯೇ ಸಾಗಿಸಿದರೆ ನೀರು ಮತ್ತು ಗಾಳಿಗೆ ಬಾಡಿಗೆ ಕೊಟ್ಟಂತಾಗುತ್ತದೆ.

ಈ ಪೆಲೆಟ್ಟನ್ನು ಪುಡಿಮಾಡಿ ಕಲ್ಲಿದ್ದಲಿನ ಜೊತೆ ಬೆರೆಸಿ ಉರಿಸಬಹುದು. ಇಲ್ಲವೇ ಇದಕ್ಕೆಂದೇ ಕಟ್ಟಿದ ವಿದ್ಯುದಾಗಾರದಲ್ಲಿ ಇದನ್ನು ಮಾತ್ರವೇ ಉರಿಸಬಹುದು. ಎರಡು ರೀತಿಗಳ ಈ ವ್ಯತ್ಯಾಸವನ್ನು ಸದಸ್ಯರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಜಪಾನ್, ದಕ್ಷಿಣ ಕೊರಿಯ ಎರಡೂ ದೇಶಗಳು ಕಲ್ಲಿದ್ದಲು, ಎಣ್ಣೆ, ಅನಿಲ ಇವಕ್ಕೆ ಬಹುತೇಕ ಹೊರದೇಶಗಳನ್ನೇ ನಂಬಿವೆ. ಆದರೆ ಕಾಡಿಗೆ ಕೊರತೆ ಇಲ್ಲ. ಜಪಾನಿನ ನೆಲದಲ್ಲಿ ಸುಮಾರು ಮೂರನೇ ಎರಡು ಪಾಲು ಕಾಡು. ಕೊರಿಯದಲ್ಲಿ ಅದಕ್ಕಿಂತ ತುಸು ಕಡಿಮೆ. ಇಷ್ಟು ಕಾಡಿಟ್ಟುಕೊಂಡು ಸೌದೆಯನ್ನು ಹೊರಗಿಂದ ತರಿಸುವುದೇಕೆ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಉತ್ತರ ಮಲೆನಾಡಿನವರಿಗೆ ಬೇಗ ಅರ್ಥವಾಗುವಂಥದು. ಕಾಡೆಲ್ಲ ಕಡಿದಾದ ಗುಡ್ಡಗಳಲ್ಲಿದೆ. ಲಾರಿ ಹೋಗುವ ದಾರಿ ಸಾಲದು. ಜಪಾನಿನಲ್ಲಿ ಎರಡನೇ ಮಹಾಯುದ್ಧದ ನಂತರ ಸುಗಿ, ಹಿನೋಕಿ ಎಂಬ ಮರಗಳನ್ನು ಗುಡ್ಡಗಳ ಮೇಲೆಲ್ಲ ನೆಟ್ಟರು. ಅವು ಕಡಿಯುವ ಹದಕ್ಕೆ ಬರುವ ಹೊತ್ತಿಗೆ ಅಗ್ಗದ ಹೊರದೇಶದ ಮರ ಬಂದು ಬೆಲೆ ಬಿತ್ತು. ಕಾಡಿನ ಒಡೆತನ ಸಣ್ಣ ಸಣ್ಣ ತುಂಡುಗಳಲ್ಲಿ ಹಂಚಿಹೋಗಿದೆ. ಒಡೆಯರಿಗೆ ವಯಸ್ಸಾಗಿದೆ, ಮಕ್ಕಳು ಪಟ್ಟಣ ಸೇರಿದ್ದಾರೆ, ಆಳಿನ ಕೂಲಿ ಹೆಚ್ಚು. ಹೀಗಾಗಿ ಮನೆ ಹಿಂದಿನ ಗುಡ್ಡದ ಮರವನ್ನು ಇಳಿಸುವುದಕ್ಕಿಂತ ಕೆನಡದಿಂದ ಹಡಗಿನಲ್ಲಿ ತರಿಸುವುದೇ ಅಗ್ಗವಾಯಿತು.

2012ರವರೆಗೆ ಇಬ್ಬರ ಆಮದೂ ಲೆಕ್ಕಕ್ಕೆ ಸಿಕ್ಕುವಷ್ಟಿರಲಿಲ್ಲ. ಜಪಾನಿನ ಕಾನ್ಸಾಯ್ ವಿದ್ಯುತ್ ಕಂಪೆನಿ 2008ರಲ್ಲಿ ಮಾಯ್‌ಜುರು ಎಂಬಲ್ಲಿಯ ಕಲ್ಲಿದ್ದಲು ಸ್ಥಾವರದಲ್ಲಿ ಕೆನಡದ ಪೆಲೆಟ್ ಬೆರೆಸಿ ಉರಿಸತೊಡಗಿತ್ತು. 2012ರಲ್ಲಿ ಜಪಾನ್ ತರಿಸಿಕೊಂಡದ್ದು ಸುಮಾರು 72 ಸಾವಿರ ಟನ್, ಕೊರಿಯ ಸುಮಾರು 1 ಲಕ್ಷ 20 ಸಾವಿರ ಟನ್. ಅದೇ ವರ್ಷ ಎರಡೂ ದೇಶಗಳಲ್ಲಿ ಹೊಸ ವಿದ್ಯುತ್ ನಿಯಮಗಳು ಜಾರಿಗೆ ಬಂದವು. ಕೊರಿಯದ್ದು ಜನವರಿಯಲ್ಲಿ, ಜಪಾನಿನದು ಜುಲೈಯಲ್ಲಿ. ಎರಡರ ಉದ್ದೇಶವೂ ಒಂದೇ, ಕಲ್ಲಿದ್ದಲು ಕಡಿಮೆಮಾಡಿ ಮರುಹುಟ್ಟುವ ಇಂಧನಗಳನ್ನು ಹೆಚ್ಚಿಸುವುದು. ಆದರೆ ಎರಡು ಸರ್ಕಾರಗಳೂ ಹಿಡಿದ ದಾರಿ ಬೇರೆ ಬೇರೆ. ಮುಂದಿನ ಹನ್ನೆರಡು ವರ್ಷಗಳ ಲೆಕ್ಕದಲ್ಲಿ ಕಾಣುವ ವ್ಯತ್ಯಾಸದ ಬೇರು ಇಲ್ಲಿದೆ.

ಕೊರಿಯ ಸರ್ಕಾರ ಪಾಲು ನಿಗದಿ ಮಾಡಿತು. 5 ಲಕ್ಷ ಕಿಲೋವ್ಯಾಟ್‌ಗಿಂತ ದೊಡ್ಡ ಉತ್ಪಾದನಾ ಕಂಪೆನಿಗಳು, ಮೊದಲಿಗೆ 13 ಕಂಪೆನಿಗಳು, ತಮ್ಮ ವಿದ್ಯುತ್ತಿನಲ್ಲಿ ನೂರಕ್ಕೆ 2 ಪಾಲನ್ನು ಇಂಥ ಇಂಧನದಿಂದ ತೋರಿಸಬೇಕು, ಅದು ವರ್ಷ ವರ್ಷಕ್ಕೆ ಏರುತ್ತ ಹೋಗಬೇಕು, ತಪ್ಪಿದವರು ದಂಡ ಕಟ್ಟಬೇಕು. ಲೆಕ್ಕ ತೋರಿಸುವುದು ಪ್ರಮಾಣಪತ್ರಗಳ ಮೂಲಕ. ಸಾವಿರ ಯೂನಿಟ್ ವಿದ್ಯುತ್ತಿಗೆ ಒಂದು ಪತ್ರ. ಯಾವ ಇಂಧನಕ್ಕೆ ಎಷ್ಟು ತೂಕ ಎಂಬುದನ್ನು ಸರ್ಕಾರವೇ ಗೊತ್ತುಮಾಡಿತು. ಕಲ್ಲಿದ್ದಲಿಗೆ ಪೆಲೆಟ್ ಬೆರೆಸಿದರೆ ಒಂದಕ್ಕೆ ಒಂದು, ಪೆಲೆಟ್ಟನ್ನೇ ಉರಿಸುವ ಸ್ಥಾವರ ಕಟ್ಟಿದರೆ ಒಂದಕ್ಕೆ ಒಂದೂವರೆ. ಪಾಲು ಕಡ್ಡಾಯ, ಬೆಲೆ ಮಾತ್ರ ಅವರವರ ಪಾಡು.

ಇಂಥ ಕಟ್ಟಳೆ ಬಂದಾಗ ಕಂಪೆನಿಯವನು ಏನು ಮಾಡುತ್ತಾನೆ? ಬಿಸಿಲಿನ ಫಲಕ ಹಾಸುವುದಕ್ಕೆ, ಗಾಳಿಯಂತ್ರ ನಿಲ್ಲಿಸುವುದಕ್ಕೆ ಜಾಗ ಬೇಕು, ವರ್ಷಗಳು ಬೇಕು. ಇರುವ ಕಲ್ಲಿದ್ದಲಿನ ಒಲೆಗೆ ಪೆಲೆಟ್ ಬೆರೆಸುವುದಕ್ಕೆ ಕೆಲವು ತಿಂಗಳು ಸಾಕು. ಕೊರಿಯದ ಸರ್ಕಾರಿ ಒಡೆತನದ ಕಂಪೆನಿಗಳು ಅದನ್ನೇ ಮಾಡಿದವು. 1 ಲಕ್ಷ 20 ಸಾವಿರ ಟನ್ನಿದ್ದ ಆಮದು 2013ರಲ್ಲಿ 5 ಲಕ್ಷ ಟನ್ನಿನ ಹತ್ತಿರ ಬಂದು, 2014ರಲ್ಲಿ 18 ಲಕ್ಷ ಟನ್ ದಾಟಿತು. ಎರಡು ವರ್ಷದಲ್ಲಿ ಹದಿನೈದು ಪಟ್ಟು! 2015ರಲ್ಲಿ ಮತ್ತೆ 15 ಲಕ್ಷ ಟನ್ನಿನ ಒಳಕ್ಕೆ ಇಳಿಯಿತು. ಬೆಲೆಯೂ ಬಿತ್ತು. 2014ರ ಬೆಲೆ ನೋಡಿ ಯಂತ್ರ ಹೂಡಿದ ವಿಯೆಟ್ನಾಮಿನ ಸಣ್ಣ ಗಿರಣಿಗಾರರಿಗೆ ಆ ವರ್ಷ ಹೇಗಾಗಿರಬಹುದೆಂಬುದನ್ನು ಮೆಣಸು, ವೆನಿಲ್ಲಾಗಳ ಏರಿಳಿತ ಕಂಡ ನಾವು ಊಹಿಸಬಲ್ಲೆವು. ಆಮೇಲೆ ಮತ್ತೆ ಏರಿ 2018ರಲ್ಲಿ ಸುಮಾರು 30 ಲಕ್ಷ ಟನ್ ಮುಟ್ಟಿ, ಎರಡು ವರ್ಷ ಅಲ್ಲೇ ನಿಂತಿತು.

ಜಪಾನಿನದು ಇನ್ನೊಂದು ದಾರಿ. 2011ರ ಮಾರ್ಚ್‌ನಲ್ಲಿ ಭೂಕಂಪ, ಸುನಾಮಿ, ಫುಕುಶಿಮಾ ಅಣುಸ್ಥಾವರದ ಅನಾಹುತ ಒಂದರ ಮೇಲೊಂದು ಬಂದವು. ಅಣುಸ್ಥಾವರಗಳು ಒಂದೊಂದಾಗಿ ನಿಂತವು. ಸರ್ಕಾರ ಪಾಲನ್ನು ನಿಗದಿ ಮಾಡಲಿಲ್ಲ, ಬೆಲೆಯನ್ನು ನಿಗದಿ ಮಾಡಿತು. ಮರದ ಇಂಧನದಿಂದ ವಿದ್ಯುತ್ ಮಾಡಿ ಕೊಡುವವರಿಂದ ಯೂನಿಟ್ಟಿಗೆ ಇಷ್ಟು ಯೆನ್‌ನಂತೆ 20 ವರ್ಷ ಖರೀದಿ ಮಾಡುತ್ತೇವೆ ಎಂದು ಕಾನೂನಿನಲ್ಲೇ ಬರೆದುಕೊಟ್ಟಿತು. ತಮ್ಮದೇ ಕಾಡಿನಲ್ಲಿ ಬಿದ್ದು ಹಾಳಾಗುವ ಮರಕ್ಕೆ 32 ಯೆನ್, ಆಮದಾದ ಪೆಲೆಟ್ ಸೇರಿದಂತೆ ಸಾಮಾನ್ಯ ಮರಕ್ಕೆ 24 ಯೆನ್. ಇದರ ಹೊರೆ ಬಿದ್ದದ್ದು ಮನೆಮನೆಯ ವಿದ್ಯುತ್ ಬಿಲ್ಲಿನ ಮೇಲೆ.

ನಮ್ಮ ಹಿರಿಯ ಸದಸ್ಯರಿಗೆ ಕಾಫಿ ಮಂಡಳಿಯ ಪೂಲ್ ಪದ್ಧತಿ ನೆನಪಿದೆ. 1996ರಲ್ಲಿ ಅದು ಪೂರ್ತಿ ಮುಗಿಯುವವರೆಗೂ ಕಾಫಿ ಕೊಟ್ಟು ಕಂತು ಕಂತಿನಲ್ಲಿ ಹಣ ಪಡೆಯುತ್ತಿದ್ದೆವು. ಖರೀದಿಯ ಖಾತ್ರಿ ಇತ್ತು, ಕೊನೆಗೆ ಎಷ್ಟು ಬರುತ್ತದೆ ಎಂಬ ಖಾತ್ರಿ ಇರಲಿಲ್ಲ. ಜಪಾನ್ ಕೊಟ್ಟದ್ದು ಎರಡನ್ನೂ, ಅದೂ 20 ವರ್ಷಕ್ಕೆ. ಅಂಥ ಭರವಸೆ ಸಿಕ್ಕಿದರೆ ಬ್ಯಾಂಕಿನವನು ಕರೆದು ಸಾಲ ಕೊಡುತ್ತಾನೆ.

ಹಾಗಿದ್ದರೂ ಜಪಾನಿನ ಆಮದು ಕೂಡಲೇ ಏರಲಿಲ್ಲ. 2014ರಲ್ಲಿ ಕೊರಿಯ 18 ಲಕ್ಷ ಟನ್ ತರಿಸಿಕೊಂಡಾಗ ಜಪಾನಿನದು 1 ಲಕ್ಷ ಟನ್ ಕೂಡ ಮುಟ್ಟಿರಲಿಲ್ಲ. 2016ರಲ್ಲಿ ಮೂರೂವರೆ ಲಕ್ಷ, 2017ರಲ್ಲಿ 5 ಲಕ್ಷ. ಇದನ್ನು ನೋಡಿದವರು ಜಪಾನಿನ ಯೋಜನೆ ಸೋತಿತೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಒಳಗೆ ಬೇರೆಯೇ ನಡೆಯುತ್ತಿತ್ತು. ಬೆರೆಸಿ ಉರಿಸುವುದಕ್ಕಿಂತ ಪೆಲೆಟ್ಟನ್ನೇ ಉರಿಸುವ ಹೊಸ ಸ್ಥಾವರಗಳಿಗೆ ಅಲ್ಲಿ ಅರ್ಜಿಗಳು ಬೀಳುತ್ತಿದ್ದವು. 2017ರ ಅಕ್ಟೋಬರ್‌ನಿಂದ ದೊಡ್ಡ ಸ್ಥಾವರಗಳಿಗೆ ದರವನ್ನು 21 ಯೆನ್ನಿಗೆ ಇಳಿಸುತ್ತಾರೆಂದು ಗೊತ್ತಾದೊಡನೆ ಅರ್ಜಿಗಳ ಪ್ರವಾಹವೇ ಬಂತು. ಸಾಮಾನ್ಯ ಮರದ ವರ್ಗದಲ್ಲಿ ಮಂಜೂರಾದ ಸ್ಥಾವರಗಳ ಒಟ್ಟು ಸಾಮರ್ಥ್ಯ 2017ರ ಮಾರ್ಚ್ ಹೊತ್ತಿಗೆ 1 ಕೋಟಿ 10 ಲಕ್ಷ ಕಿಲೋವ್ಯಾಟ್ ಮೀರಿತು. ಅದರಲ್ಲಿ ಬಹಳಷ್ಟು ಕಟ್ಟಡವಾಗಲೇ ಇಲ್ಲ, ಕಾಗದದಲ್ಲೇ ಉಳಿಯಿತು. ಕಟ್ಟಿದವೂ ಸಾಲ, ಬಂದರು, ಬಾಯ್ಲರ್ ಎಂದು ಮೂರು ನಾಲ್ಕು ವರ್ಷ ತೆಗೆದುಕೊಂಡವು. ಅಡಿಕೆ ಸಸಿ ನೆಟ್ಟ ಕೂಡಲೇ ಗೊನೆ ಬರುವುದಿಲ್ಲ, ಬರತೊಡಗಿದ ಮೇಲೆ ನಿಲ್ಲುವುದೂ ಇಲ್ಲ. ಇದೂ ಹಾಗೆಯೇ ಆಯಿತು. 2018ರಲ್ಲಿ ಸುಮಾರು 10 ಲಕ್ಷ 60 ಸಾವಿರ ಟನ್, 2019ರಲ್ಲಿ 16 ಲಕ್ಷ, 2020ರಲ್ಲಿ 20 ಲಕ್ಷ, 2021ರಲ್ಲಿ 31 ಲಕ್ಷ, 2022ರಲ್ಲಿ 44 ಲಕ್ಷ, 2023ರಲ್ಲಿ 58 ಲಕ್ಷ, 2024ರಲ್ಲಿ ಸುಮಾರು 64 ಲಕ್ಷ ಟನ್. ಹನ್ನೆರಡು ವರ್ಷದಲ್ಲಿ ಒಂದು ವರ್ಷವೂ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಲಿಲ್ಲ.

2022ರಲ್ಲಿ ಜಪಾನ್ ಕೊರಿಯವನ್ನು ಹಿಂದೆ ಹಾಕಿತು. ಆ ಹೊತ್ತಿಗೆ ಕೊರಿಯ ಮತ್ತೆ ಏರಿ 40 ಲಕ್ಷ ಟನ್ನಿನ ಸಮೀಪ ಬಂದಿತ್ತು. ಜಪಾನಿನ ಸಂಖ್ಯೆಗೆ ಇನ್ನೊಂದು ಪಕ್ಕದ ಲೆಕ್ಕವೂ ಇದೆ. ಇಂಡೋನೇಷ್ಯ, ಮಲೇಷ್ಯಗಳ ತಾಳೆ ಎಣ್ಣೆ ಗಿರಣಿಗಳಿಂದ ಬರುವ ತಾಳೆ ಬೀಜದ ಚಿಪ್ಪನ್ನೂ ಅವರು ಪೆಲೆಟ್ಟಿನಷ್ಟೇ ದೊಡ್ಡ ಪ್ರಮಾಣದಲ್ಲಿ ತರಿಸಿ ಉರಿಸುತ್ತಾರೆ. ಅದನ್ನು ಇಲ್ಲಿ ಸೇರಿಸಿಲ್ಲ.

ಪ್ರಮಾಣದ ಅಂದಾಜು ಸಿಗಲೆಂದು ಒಂದು ಲೆಕ್ಕ ಹಾಕಿ ನೋಡಿದೆವು. 50 ಸಾವಿರ ಕಿಲೋವ್ಯಾಟ್‌ನ ಒಂದು ಸ್ಥಾವರ, ಜಪಾನಿನಲ್ಲಿ ಇದು ಮಧ್ಯಮ ಗಾತ್ರದ್ದು, ವರ್ಷವಿಡೀ ಉರಿದರೆ 2 ಲಕ್ಷ ಟನ್ನಿಗೂ ಹೆಚ್ಚು ಪೆಲೆಟ್ ಬೇಕು. ಇಡೀ ಭಾರತದ ಕಾಫಿ ಬೆಳೆಯೇ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್. ನಮ್ಮ ತಾಲೂಕಿನ ಹೊಟ್ಟೆಲ್ಲವನ್ನೂ ಗುಡಿಸಿ ಕೊಟ್ಟರೂ ಅಲ್ಲಿಯ ಒಂದು ಸ್ಥಾವರ ಎಷ್ಟು ದಿನ ಉರಿದೀತು ಎಂಬುದನ್ನು ಸದಸ್ಯರೇ ಯೋಚಿಸಲಿ.

ಇನ್ನು ಕೊಳ್ಳುವ ರೀತಿ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅಡಿಕೆಯನ್ನು ಟೆಂಡರಿಗೆ ಇಡುವವರೂ ಇದ್ದಾರೆ, ತೋಟವನ್ನು ಚೇಣಿಗೆ ಕೊಡುವವರೂ ಇದ್ದಾರೆ. ಟೆಂಡರಿನವನಿಗೆ ಈ ಹೊತ್ತಿನ ಬೆಲೆ, ನಾಳೆಯ ಮಾತು ನಾಳೆಗೆ. ಚೇಣಿಯವನಿಗೆ ಮೊದಲೇ ಆಡಿದ ಬೆಲೆ. ಬೆಲೆ ಏರಿದರೆ ಕೊಟ್ಟವನು ಕೈಕೈ ಹಿಸುಕಿಕೊಳ್ಳುತ್ತಾನೆ, ಇಳಿದರೆ ಹಿಡಿದವನು. ಕೊರಿಯದ ಕಂಪೆನಿಗಳು ಬಹುಮಟ್ಟಿಗೆ ಟೆಂಡರಿನವರು. ಕೆಲವು ತಿಂಗಳಿಗೆ ಬೇಕಾದಷ್ಟಕ್ಕೆ ಟೆಂಡರು ಕರೆದು, ಇಷ್ಟು ಕ್ಯಾಲರಿ, ಇಷ್ಟು ಬೂದಿ, ಇಷ್ಟು ತೇವ ಎಂದು ನಿಯಮ ಹಾಕಿ, ಯಾರು ಕಡಿಮೆಗೆ ಕೊಡುತ್ತಾರೋ ಅವರಿಂದ ಕೊಳ್ಳುವುದು. ನಮ್ಮ ಅಡಿಕೆ ಟೆಂಡರಿನಲ್ಲಿ ಹೆಚ್ಚು ಕೂಗಿದವನಿಗೆ ಮಾಲು. ಅಲ್ಲಿ ಕಡಿಮೆ ಕೂಗಿದವನಿಗೆ ವ್ಯಾಪಾರ. ಜಪಾನಿನ ಸ್ಥಾವರದವನು ಹಾಗೆ ಮಾಡುವಂತಿಲ್ಲ. 20 ವರ್ಷ ಇಂಧನ ಎಲ್ಲಿಂದ ತರುತ್ತೀಯೆ ಎಂದು ಸಾಲ ಕೊಟ್ಟ ಬ್ಯಾಂಕು ಮೊದಲೇ ಕೇಳುತ್ತದೆ. ಹಾಗಾಗಿ ಅವನು ಕೆನಡ, ಅಮೆರಿಕ, ವಿಯೆಟ್ನಾಮ್‌ಗಳ ಕಂಪೆನಿಗಳೊಡನೆ ಹತ್ತು, ಹದಿನೈದು ವರ್ಷದ ಕರಾರು ಮಾಡಿಕೊಳ್ಳುತ್ತಾನೆ, ಹಲವು ಸಲ ದೊಡ್ಡ ವ್ಯಾಪಾರಿ ಸಂಸ್ಥೆಗಳ ಮೂಲಕ. ಜೊತೆಗೆ ಮರ ಯಾವ ಕಾಡಿನದು, ಕಡಿದದ್ದು ಕಾನೂನು ಪ್ರಕಾರವೇ ಎಂಬುದಕ್ಕೆ ಹೊರಗಿನ ಸಂಸ್ಥೆಯ ಪ್ರಮಾಣಪತ್ರ ಬೇಕು. ಯುರೋಪ್ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದಿಂದಾಗಿ ಕಾಫಿಗೆ ತೋಟದ ಗುರುತು ಕೇಳುತ್ತಿರುವುದನ್ನು ಬಲ್ಲ ಸದಸ್ಯರಿಗೆ ಈ ಕಾಗದಪತ್ರದ ಭಾರ ಹೊಸದಲ್ಲ.

ಎರಡೂ ದೇಶಗಳಿಗೆ ಹೆಚ್ಚು ಪೆಲೆಟ್ ಕೊಡುವುದು ವಿಯೆಟ್ನಾಮ್. ಕಾಫಿಯಲ್ಲಿ, ಅದರಲ್ಲೂ ರೊಬಸ್ಟದಲ್ಲಿ ನಮಗೆ ಎದುರಾಳಿಯಾದ ಅದೇ ದೇಶ. ಆದರೆ ಪೆಲೆಟ್ಟಿನ ಕಚ್ಚಾಮಾಲು ಬರುವುದು ಅಲ್ಲಿಯ ಕಾಫಿ ಸೀಮೆಯಿಂದ ಅಲ್ಲ, ಬಹುಪಾಲು ಅಕೇಶಿಯ ನೆಡುತೋಪುಗಳಿಂದ. ನಮ್ಮ ಮಲೆನಾಡಿನಲ್ಲಿ ಅರಣ್ಯ ಇಲಾಖೆ ನೆಟ್ಟ ಅಕೇಶಿಯದ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದ್ದೇ ಇದೆ. ಅದೇ ಜಾತಿಗೆ ಇನ್ನೊಂದು ಅಕೇಶಿಯವನ್ನು ಕೂಡಿಸಿದ ಮಿಶ್ರತಳಿ ಅವರದು. ಅದನ್ನು ಬೆಳೆಯುವವರಲ್ಲಿ ಬಹಳ ಮಂದಿ ಒಂದೆರಡು ಹೆಕ್ಟೇರಿನ ಸಣ್ಣ ರೈತರು. ನಾಲ್ಕೈದು ವರ್ಷಕ್ಕೆ ಕಡಿದು ಮಾರುತ್ತಾರೆ. ದಪ್ಪ ಮರವಾಗಲು ಹತ್ತು ವರ್ಷ ಬಿಟ್ಟರೆ ಪೀಠೋಪಕರಣದವರು ಒಳ್ಳೆಯ ಬೆಲೆ ಕೊಡುತ್ತಾರೆ. ಆದರೆ ಸಾಲ, ಮಗನ ಓದು, ಬಿರುಗಾಳಿಯ ಹೆದರಿಕೆ ಇವು ಅಷ್ಟು ದಿನ ಕಾಯಗೊಡುವುದಿಲ್ಲ. ಮೊದಮೊದಲು ಪೆಲೆಟ್ ಗಿರಣಿಗಳು ಕ್ವಿ ನ್ಯೋನ್ ಮುಂತಾದ ಕಡೆಯ ಪೀಠೋಪಕರಣ ಕಾರ್ಖಾನೆಗಳ ಹುಡಿಯನ್ನೇ ನೆಚ್ಚಿದ್ದವು. ಬೇಡಿಕೆ ಬೆಳೆದಂತೆ ಹುಡಿ ಸಾಲದಾಯಿತು, ಚೆಕ್ಕೆ ಗಿರಣಿಗಳೊಡನೆ ಪೈಪೋಟಿಗೆ ಬಿದ್ದು ಮರವನ್ನೇ ಕೊಳ್ಳಬೇಕಾಯಿತು. ಪ್ರಮಾಣಪತ್ರವಿರುವ ಮರಕ್ಕಂತೂ ಕೊರತೆಯೇ. 2022ರ ಅಕ್ಟೋಬರ್‌ನಲ್ಲಿ ಅಲ್ಲಿಯ ಒಂದು ದೊಡ್ಡ ರಫ್ತು ಕಂಪೆನಿ, ಪ್ರಮಾಣಪತ್ರ ಇಲ್ಲದ ಮಾಲನ್ನು ಇದೆಯೆಂದು ಹೇಳಿ ಮಾರಿತ್ತೆಂದು ಅಂತರರಾಷ್ಟ್ರೀಯ ಅರಣ್ಯ ಪ್ರಮಾಣೀಕರಣ ಸಂಸ್ಥೆ ಅದರ ಮಾನ್ಯತೆ ಕಿತ್ತುಕೊಂಡಿತು. ಆ ಕಂಪೆನಿಯ ಗಿರಾಕಿಗಳಲ್ಲಿ ಜಪಾನಿನವರೂ ಇದ್ದರು.

ಅದೇ 2022 ಈ ವ್ಯಾಪಾರಕ್ಕೆ ಪರೀಕ್ಷೆಯ ವರ್ಷ. ರಷ್ಯ ಯುಕ್ರೇನಿನ ಮೇಲೆ ಯುದ್ಧ ಹೂಡಿದ ಮೇಲೆ ಯುರೋಪ್ ಒಕ್ಕೂಟ ರಷ್ಯದ ಪೆಲೆಟ್ಟನ್ನು ನಿಷೇಧಿಸಿತು. ಚಳಿಗಾಲ ಹತ್ತಿರವಾದಾಗ ಯುರೋಪಿನವರು ಸಿಕ್ಕಲ್ಲೆಲ್ಲ ಕೊಳ್ಳಲು ಹೊರಟರು, ಬೆಲೆ ಗಗನಕ್ಕೇರಿತು. ಮಾರನೆಯ ವರ್ಷ ಅಷ್ಟೇ ಬೇಗ ಇಳಿಯಿತು. ಟೆಂಡರಿನ ಕೊರಿಯ ಈ ಏರಿಳಿತವನ್ನೆಲ್ಲ ಉಂಡಿತು. ಆದರೆ ಟೆಂಡರಿನವನಿಗೆ ಇರುವ ಅನುಕೂಲವೂ ಅದಕ್ಕೆ ಸಿಕ್ಕಿತು. ಯುರೋಪ್ ಬೇಡವೆಂದ ರಷ್ಯದ ಮಾಲು ಅಗ್ಗಕ್ಕೆ ಬಂದಾಗ ಕೊರಿಯ ಹೆಚ್ಚು ಹೆಚ್ಚು ಕೊಂಡಿತು.

ಹಾಗಾದರೆ ಕರಾರಿನ ಜಪಾನ್ ಸುಖವಾಗಿತ್ತೇ? ಅದೂ ಇಲ್ಲ. ಒಂದು ಟನ್ ಪೆಲೆಟ್ಟಿನಿಂದ ಸುಮಾರು 1,800 ಯೂನಿಟ್ ವಿದ್ಯುತ್ ಬರುತ್ತದೆಂದು ಹಿಡಿದರೆ, 24 ಯೆನ್ನಿನಂತೆ 43 ಸಾವಿರ ಯೆನ್ ಆದಾಯ. ಪೆಲೆಟ್ ಟನ್ನಿಗೆ 200 ಡಾಲರ್ ಎಂದಿಟ್ಟುಕೊಳ್ಳೋಣ. ಡಾಲರಿಗೆ 110 ಯೆನ್ ಇದ್ದಾಗ ಇಂಧನದ ಖರ್ಚು 22 ಸಾವಿರ ಯೆನ್. 2022ರಿಂದ ಯೆನ್ ಕುಸಿದು ಡಾಲರಿಗೆ 150ರ ಆಸುಪಾಸು ಹೋದಾಗ ಅದೇ ಇಂಧನಕ್ಕೆ 30 ಸಾವಿರ ಯೆನ್. ಮಾರುವ ದರ ಮಾತ್ರ 20 ವರ್ಷಕ್ಕೆ ಬಿಗಿದದ್ದು, ಒಂದು ಯೆನ್ ಏರಿಸುವಂತಿಲ್ಲ. ಸಾಲದ ಕಂತು, ಬಾಯ್ಲರಿನ ಉಸ್ತುವಾರಿ, ಕೂಲಿ ಎಲ್ಲವೂ ಉಳಿದ 13 ಸಾವಿರದಲ್ಲೇ ಮುಗಿಯಬೇಕು.

ಮಾರುವವನ ಕಡೆಯೂ ಅಷ್ಟೇ. ಜಗತ್ತಿನ ಅತಿ ದೊಡ್ಡ ಪೆಲೆಟ್ ಉತ್ಪಾದಕ ಎನ್ನಿಸಿಕೊಂಡ, ಜಪಾನಿಗೂ ಯುರೋಪಿಗೂ ದೀರ್ಘ ಕರಾರಿನಲ್ಲಿ ಮಾಲು ಕೊಡುತ್ತಿದ್ದ ಅಮೆರಿಕದ ಎನ್‌ವಿವ ಕಂಪೆನಿ 2024ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಉತ್ಪಾದನೆಯ ಖರ್ಚು ಏರಿತ್ತು, ಕರಾರಿನ ಬೆಲೆ ಏರಿರಲಿಲ್ಲ. 2022ರ ಕೊನೆಯ ಏರುಬೆಲೆಯನ್ನು ನಂಬಿ ಮಾಡಿಕೊಂಡ ವ್ಯವಹಾರವೂ ಕೈಕೊಟ್ಟಿತು. ಸಾಲವನ್ನು ಹೊಸದಾಗಿ ಹೊಂದಿಸಿಕೊಂಡು ಅದೇ ವರ್ಷದ ಕೊನೆಗೆ ಅದು ಹೊರಬಂದಿತು.

ಬೆಂಕಿಯ ಮಾತನ್ನೂ ಹೇಳಬೇಕು, ಏಕೆಂದರೆ ಯಂತ್ರ ಮಾರಲು ಬರುವವರು ಇದನ್ನು ಹೇಳುವುದಿಲ್ಲ. ಹಸಿ ಚೆರಿಯನ್ನು ರಾಶಿ ಹಾಕಿ ಒಂದು ರಾತ್ರಿ ಬಿಟ್ಟರೆ ಒಳಗೆ ಕೈಯಿಡಲಾಗದಷ್ಟು ಬಿಸಿಯಾಗುತ್ತದೆಂಬುದು ಕಣದಲ್ಲಿ ಕೆಲಸ ಮಾಡಿದ ಯಾರಿಗೂ ಗೊತ್ತು. ಪೆಲೆಟ್ಟೂ ಹಾಗೆಯೇ ತನ್ನಷ್ಟಕ್ಕೆ ಬಿಸಿಯೇರುತ್ತದೆ, ತೇವ ಸೇರಿದರೆ ಇನ್ನೂ ಬೇಗ. ಸಾವಿರಾರು ಟನ್ ಒಂದೇ ಕಣಜದಲ್ಲಿದ್ದರೆ ಒಳಗಿನ ಬಿಸಿಗೆ ಹೊರದಾರಿ ಇಲ್ಲ. ಸಾಗಿಸುವಾಗ ಏಳುವ ನಯವಾದ ಧೂಳು ಒಂದು ಕಿಡಿಗೆ ಸಿಡಿಯುತ್ತದೆ. ಜಪಾನಿನ ಚಿಬಾ ಪ್ರಾಂತದ ಸೊದೆಗೌರದಲ್ಲಿ 2023ರ ಆರಂಭದಲ್ಲಿ ಪೆಲೆಟ್ ಕಣಜಕ್ಕೆ ಬೆಂಕಿ ಬಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯೊನಾಗೊ ಸ್ಥಾವರದಲ್ಲಿ, 2024ರ ಜನವರಿಯಲ್ಲಿ ಐಚಿ ಪ್ರಾಂತದ ತಾಕೆತೋಯೊ ಸ್ಥಾವರದಲ್ಲಿ ಸ್ಫೋಟಗಳಾದವು.

ಕೊನೆಯದಾಗಿ ಕಾನೂನಿನ ಬದಲಾವಣೆ. ಪೆಲೆಟ್ ಉರಿಸುವುದರಿಂದ ಹವಾಮಾನಕ್ಕೆ ನಿಜವಾಗಿ ಒಳ್ಳೆಯದಾಗುತ್ತದೆಯೇ ಎಂಬ ವಿವಾದ ಎರಡೂ ದೇಶಗಳಲ್ಲಿ ಎದ್ದಿದೆ. ಮರ ಕಡಿದ ದೇಶದ ಲೆಕ್ಕದಲ್ಲಿ ಕಾರ್ಬನ್ ಜಮೆಯಾಗುತ್ತದೆ, ಉರಿಸಿದ ದೇಶದ ಹೊಗೆಗೊಳವೆಯಲ್ಲಿ ಸೊನ್ನೆ ಎಂದು ಬರೆಯುತ್ತಾರೆ. ಕಡಿದ ಮರ ಮತ್ತೆ ಬೆಳೆಯಲು ವರ್ಷಗಳು ಬೇಕು, ಉರಿಯಲು ನಿಮಿಷ ಸಾಕು ಎನ್ನುವುದು ವಿರೋಧಿಗಳ ವಾದ. ಹೊಟ್ಟು, ಹುಡಿ ಉರಿಸುವುದಕ್ಕೂ ನಿಂತ ಮರ ಕಡಿದು ಉರಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ನಮ್ಮ ಅಭಿಪ್ರಾಯ. ಕೊರಿಯ 2018ರಲ್ಲೇ ಹೊಸದಾಗಿ ಬೆರೆಸಿ ಉರಿಸುವವರಿಗೆ ಪತ್ರದ ತೂಕವನ್ನು ಸೊನ್ನೆಗೆ ಇಳಿಸಿ, ಹೊಸ ಪೆಲೆಟ್ ಸ್ಥಾವರಗಳಿಗೆ ಒಂದೂವರೆಯಿಂದ ಅರ್ಧಕ್ಕೆ ತಂದಿತ್ತು. ತಮ್ಮ ಕಾಡಿನ ಉಳಿಕೆ ಮರಕ್ಕೆ ಮಾತ್ರ ತೂಕ ಹೆಚ್ಚಿಸಿತು. 30 ಲಕ್ಷ ಟನ್ನಿನಲ್ಲಿ ಆಮದು ನಿಂತದ್ದಕ್ಕೆ ಇದೂ ಒಂದು ಕಾರಣವೆಂದು ನಮಗೆ ಕಾಣುತ್ತದೆ. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಸರ್ಕಾರಿ ಕಂಪೆನಿಗಳು ಆಮದು ಪೆಲೆಟ್ ಬೆರೆಸಿ ಉರಿಸಿದರೆ 2025ರ ಜನವರಿಯಿಂದ ಪತ್ರವೇ ಇಲ್ಲ, ಖಾಸಗಿಯವರಿಗೆ ವರ್ಷ ವರ್ಷ ಇಳಿಕೆ ಎಂದು ಪ್ರಕಟಿಸಿತು. ಘೋಷಣೆಗೂ ಜಾರಿಗೂ ನಡುವೆ ಎರಡು ವಾರ! ಜಪಾನ್ ಹಳೆಯ ಮಂಜೂರಾತಿಗಳಿಗೆ 20 ವರ್ಷದ ಮಾತನ್ನು ಉಳಿಸಿಕೊಂಡು, 2018ರಿಂದ ದೊಡ್ಡ ಸ್ಥಾವರಗಳಿಗೆ ಹರಾಜು ತಂದು, ಹೊಸ ದೊಡ್ಡ ಸ್ಥಾವರಗಳಿಗೆ 2026ರ ಆರ್ಥಿಕ ವರ್ಷದಿಂದ ಈ ಬೆಂಬಲ ಇಲ್ಲವೆಂದು ತೀರ್ಮಾನಿಸಿತು. ಅಂದರೆ ಒಬ್ಬ ಗಿರಾಕಿ ಅಂಗಡಿಯಿಂದ ಹೊರಡುತ್ತಿದ್ದಾನೆ, ಇನ್ನೊಬ್ಬ ಹಳೆಯ ಲೆಕ್ಕದ್ದನ್ನು ಮಾತ್ರ ಕೊಳ್ಳುತ್ತ ಹೋಗುತ್ತಾನೆ.

ನಮ್ಮ ಹೊಟ್ಟಿನ ವಿಷಯಕ್ಕೆ ಬಂದರೆ, ಜಪಾನ್, ಕೊರಿಯಗಳ ಕತೆ ಅದಕ್ಕೆ ನೇರವಾಗಿ ಹೊಂದುವುದಿಲ್ಲ. ಅವರು ಕೊಳ್ಳುವುದು ಮರದ ಪೆಲೆಟ್. ಕಾಫಿ ಹೊಟ್ಟಿನಲ್ಲಿ ಪೊಟ್ಯಾಷ್ ಹೆಚ್ಚು, ಬೂದಿ ಹೆಚ್ಚು. ಆ ಬೂದಿ ಬಾಯ್ಲರಿನ ಕೊಳವೆಗಳ ಮೇಲೆ ಕರಗಿ ಅಂಟುತ್ತದೆ. ಬಾಯ್ಲರಿನವನಿಗೆ ಬೇಡವಾದ ಆ ಪೊಟ್ಯಾಷೇ ಗಿಡದ ಬುಡಕ್ಕೆ ಬೇಕಾದದ್ದು. 50 ಕಿಲೋ ಚೆರಿ ಮೂಟೆಯಲ್ಲಿ 25, 26 ಕಿಲೋ ಬೀಜ ಬಂದರೆ ಉಳಿದದ್ದು ಹೊಟ್ಟು. ಅದರ ದರ ಕೇಳುವಾಗ, ಕಳೆದುಕೊಂಡ ಪೊಟ್ಯಾಷನ್ನು ಚೀಲದಲ್ಲಿ ಕೊಂಡು ತರುವ ಖರ್ಚನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

ನಮಗೆ ಹತ್ತಿರದ ಗಿರಾಕಿ ಇರುವುದು ಟೋಕಿಯೋದಲ್ಲಲ್ಲ, ರಾಯಚೂರು, ಬಳ್ಳಾರಿಗಳಲ್ಲಿ. ಕಲ್ಲಿದ್ದಲು ಸ್ಥಾವರಗಳು ಕೃಷಿ ತ್ಯಾಜ್ಯದ ಪೆಲೆಟ್ ಬೆರೆಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರಲ್ಲಿ ನೀತಿ ಹೊರಡಿಸಿತು. 2023ರ ಜೂನ್‌ನಲ್ಲಿ ಅದನ್ನು ತಿದ್ದಿ, 2024-25ರಿಂದ ನೂರಕ್ಕೆ 5, 2025-26ರಿಂದ ನೂರಕ್ಕೆ 7 ಎಂದು ಗೊತ್ತುಮಾಡಿತು. ಇದು ಪಾಲು ನಿಗದಿ ಮಾಡುವ ಕೊರಿಯದ ಜಾತಿಯ ನಿಯಮ, ಬೆಲೆ ಬರೆದುಕೊಡುವ ಜಪಾನಿನ ಜಾತಿಯದಲ್ಲ. ಯಂತ್ರದ ಕಂಪೆನಿಯವರಿಗೆ ನಾವು ಮೂರು ವಿವರಗಳನ್ನು ಬರಹದಲ್ಲಿ ಕೇಳಿದ್ದೇವೆ: ಕೊಳ್ಳುವವರು ಯಾರು, ಎಷ್ಟು ವರ್ಷದ ಕರಾರು, ನಿಯಮ ಬದಲಾದರೆ ಯಂತ್ರದ ಸಾಲ ಯಾರ ತಲೆಗೆ. ಉತ್ತರ ಬಂದೊಡನೆ ಆಡಳಿತ ಮಂಡಳಿಯ ಮುಂದಿಟ್ಟು, ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲಾಗುವುದು. ತಮ್ಮಲ್ಲಿ ವರ್ಷಕ್ಕೆ ಎಷ್ಟು ಹೊಟ್ಟು, ಸಿಪ್ಪೆ ಉಳಿಯುತ್ತದೆ, ಅದರಲ್ಲಿ ಗೊಬ್ಬರಕ್ಕೆ ಎಷ್ಟು, ಅಡಿಕೆ ಬೇಯಿಸುವ ಒಲೆಗೆ ಎಷ್ಟು ಹೋಗುತ್ತದೆ ಎಂಬುದನ್ನು ಸದಸ್ಯರು ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ಮುಟ್ಟಿಸಿದರೆ ಲೆಕ್ಕ ಹಾಕಲು ಅನುಕೂಲ.